ಒಂಬತ್ತನೇ ಕಾಲಂ

ಮೇಯೋ ಹಾಲ್ ಕೋರ್ಟಿನ ಎದುರು, ಮಳೆಮರದ ಕೆಳಗೆ
ನನ್ನ ಮೇಜು, ನನ್ನ ಹಳೇ ಟೈಪ್‌ರೈಟರು.
'ಎಚ್' ಅಕ್ಷರ ತುಸು ಮೇಲಕ್ಕೆ ಹಾರುತ್ತದೆ,
ಗಿರಾಕಿಗಳು ಕ್ಷಮಿಸಿದ್ದಾರೆ.
ಬಾಡಿಗೆ ಕರಾರು, ಹೆಸರು ತಿದ್ದುಪಡಿ, ವಿಚ್ಛೇದನ,
ಮತ್ತೆ ಪ್ರತಿ ಅಕ್ಟೋಬರಿನಲ್ಲಿ
ನಿವೃತ್ತ ಹವಾಲ್ದಾರ್ ಚೌರಪ್ಪ.

ಲಿಂಗರಾಜಪುರದಿಂದ ಎರಡು ಬಸ್ಸು ಹಿಡಿದು ಬರುತ್ತಾರೆ.
ಎಕ್ಸ್‌ರೇಯನ್ನು ಬಿಸಿಲಿಗೆ ಹಿಡಿದು ತೋರಿಸುತ್ತಾರೆ:
ತೊಡೆಮೂಳೆಯ ಪಕ್ಕ ಮೂರು ಚೂರು,
ಅಕ್ಕಿಯಲ್ಲಿ ಕಲ್ಲು ಉಳಿದ ಹಾಗೆ.
ಆರಿಸಿದವರು ಯಾರೋ ಆತುರದಲ್ಲಿದ್ದರು.

ಪದಕದ ಹೆಸರು ಪರಾಕ್ರಮ.
"ಪರಾಕ್ರಮ ಏನೂ ಮಾಡಿಲ್ಲ ಮೇಡಂ, ಬಿದ್ದೆ ಅಷ್ಟೆ.
ಅದಕ್ಕೆ ಬೇಕಾದದ್ದು ಗಾಯ ಒಂದೇ.
ಅದು ನನ್ನ ಹತ್ತಿರ ಇದೆ."

ಅವರು ಹೇಳುವುದು ಕನ್ನಡ, ನನ್ನ ಬೆರಳಿಂದ ಬೀಳುವುದು ಇಂಗ್ಲಿಷ್.
ಗಾಯವನ್ನು 'ಸಸ್ಟೇನ್' ಮಾಡಿದರು ಎಂದು ಹೊಡೆದೆ.
"ಹಾಗಂದ್ರೆ?"
ಅನುಭವಿಸೋದು. ಸಾಕೋದು ಅಂತಲೂ ಇದೆ.
"ಸರಿಯಾಗಿದೆ, ಇರಲಿ. ಮೂವತ್ತೇಳು ವರ್ಷ ಸಾಕಿದೀನಿ.
ಮಗಳಿಗೂ ಇಷ್ಟು ಮಾಡಿಲ್ಲ."

ಉತ್ತರಗಳು ಬಂದಿವೆ, ಇಲ್ಲವೆನ್ನುವಂತಿಲ್ಲ.
ಆ ವರ್ಷದ ಆಸ್ಪತ್ರೆ ರಿಜಿಸ್ಟರು ಸಿಗುತ್ತಿಲ್ಲ.
ಸಿಡಿದದ್ದು ಶತ್ರು ಹೂತದ್ದೋ, ಆಕಸ್ಮಿಕವೋ, ಸ್ಪಷ್ಟಪಡಿಸಿ.
ಸೂಕ್ತ ಮಾರ್ಗದಲ್ಲಿ ಬನ್ನಿ.
"ಸೂಕ್ತ ಮಾರ್ಗದಲ್ಲೇ ಹೋಗಿದ್ದೆ.
ಮಾರ್ಗ ಸೂಕ್ತವಾ ಅಂತ ಕೋಲು ಚುಚ್ಚಿ ನೋಡೋದೇ ನನ್ನ ಕೆಲಸ.
ಹಿಂದೆ ಬರೋರು ನಡೀಬೇಕಲ್ಲ."

ಈ ಸಲ ಹೊಸ ನಮೂನೆ. ಒಂಬತ್ತನೇ ಕಾಲಂ:
ಕಣ್ಣಾರೆ ಕಂಡವರ ಹೆಸರು, ಹುದ್ದೆ, ವಿಳಾಸ.
ಜೊತೆಗಿದ್ದ ಮುನಿವೇಲು ಅಲ್ಲೇ, ಜಾಫ್ನಾದಲ್ಲೇ, ಹೋದ.
ರೇಡಿಯೋ ಹೊತ್ತವನು ಕಳೆದ ವರ್ಷ, ಸಕ್ಕರೆ ಕಾಯಿಲೆ.
ಚೌರಪ್ಪ ಟೀ ಲೋಟ ಕೆಳಗಿಟ್ಟರು.
ಹತ್ತು ಅರ್ಜಿಗಳಲ್ಲಿ ಹೇಳದ್ದನ್ನು ಹೇಳಿದರು:

"ತಾಳೆಗರಿ ಬೇಲಿ. ಬೇಲಿ ಸರಿಸಿಕೊಂಡು ಒಬ್ಬಳು ಮುದುಕಿ.
ಹಿಂದಿನ ದಿನ ನಮ್ಮ ಶೆಲ್ಲಿಗೆ ಅವಳ ಅಡುಗೆಮನೆ ಬಿದ್ದಿತ್ತು,
ಇನ್ನೂ ಹೊಗೆಯಾಡ್ತಿತ್ತು.
ಸೀರೆಯ ಅಂಚು ಹರಿದು ತೊಡೆಗೆ ಬಿಗಿದಳು.
ಬೈಯುತ್ತಲೇ ಬಿಗಿದಳು.
ಆಮೇಲೆ ಕೇಳಿದಳು: ನೋಗುದಾ?
ಹಲಸೂರಿನ ತಮಿಳರು ವಲಿಕ್ಕುದಾ ಅಂತಾರೆ,
ಪಲ್ಟನ್ನಿನಲ್ಲಿ ನಾನು ಕಲಿತದ್ದೂ ಅದೇ.
ಅವಳ ಬಾಯಲ್ಲಿ ನಮ್ಮ ನೋವು ಇತ್ತು ಮೇಡಂ,
ಅಷ್ಟು ದೂರ ಹೋಗಿ ಅದು ಅಲ್ಲೇನು ಮಾಡ್ತಿತ್ತೋ.
ಹ್ಞೂಂ ಅಂದೆ. ಯಾವ ಭಾಷೆಯಲ್ಲಿ ಅಂತ ನೆನಪಿಲ್ಲ.
ಹೆಲಿಕಾಪ್ಟರಿನಲ್ಲಿ ಆ ಬಟ್ಟೆ ಕತ್ತರಿಸಿ ಬಿಸಾಕಿದರು.
ಹಳದಿ. ಹೆಸರು ಕೇಳಲಿಲ್ಲ."

ಸುಮ್ಮನಿದ್ದು, ಮತ್ತೆ: "ಅವಳನ್ನು ಹಾಕಿ."

ಹಾಕಿದರೆ ಈ ಸಲವೂ ತಿರುಗಿ ಬರುತ್ತೆ, ಅಂದೆ.
"ಬರಲಿ. ಫೈಲಿನಲ್ಲಿ ಒಂದು ಕಡೆ ಅವಳು ಕೂತಿರಲಿ."

ಹೆಸರು: ತಿಳಿಯದು. ವಿಳಾಸ: ತಾಳೆಗರಿ ಬೇಲಿ ಇದ್ದ ಮನೆ.
ಹುದ್ದೆಯ ಎದುರು ಬೆರಳು ನಿಂತಿತು.
"ಎದುರು ಕಡೆಯವಳು ಅಂತ ಮಾತ್ರ ಬರೀಬೇಡಿ," ಅಂದರು.
ಬೆಂಚಿನ ಮೇಲೆ ವಿಚ್ಛೇದನದ ಗಂಡಸು
ಗಡಿಯಾರ ನೋಡಿಕೊಂಡು ಕೆಮ್ಮಿದ.
ಏನೋ ಹೊಡೆದೆ. ಹಾಳೆ ಎಳೆದೆ.
ಓದದೆಯೇ ಸಹಿ ಹಾಕಿದರು,
ದುಂಡಗೆ, ಸೇನೆಯ ನಂಬರ್ ಸಮೇತ.

ದುಡ್ಡು ಬೇಡವೆಂದೆ. ಮೂವತ್ತು ರೂಪಾಯಿ ಎಣಿಸಿಟ್ಟರು,
ಕಾರ್ಬನ್ ಪ್ರತಿಗೆ ಐದು ಬೇರೆ.
ಎಡಗಾಲು ಮೊದಲು, ಆಮೇಲೆ ಬಲಗಾಲು ಹೇಗೋ,
ಫುಟ್‌ಪಾತಿನ ಎದ್ದ ಕಲ್ಲುಗಳನ್ನು
ಛತ್ರಿಯ ತುದಿಯಿಂದ ಚುಚ್ಚಿ ಚುಚ್ಚಿ ನೋಡುತ್ತಾ
ಬಸ್ ಸ್ಟಾಪಿನ ಕಡೆ ಹೋದರು.

ಕಾರ್ಬನ್ ಹಾಳೆ ಎತ್ತಿ
ಅವರು ಎಕ್ಸ್‌ರೇ ಹಿಡಿದಂತೆ ಬಿಸಿಲಿಗೆ ಹಿಡಿದೆ.
ಹುದ್ದೆ: ನೆರೆಯವಳು.
ಆ ಇಂಗ್ಲಿಷ್ ಪದದ ನಡುವೆ, ಎಂದಿನಂತೆ,
'ಎಚ್' ಒಂದು ಮಾತ್ರ ಗೆರೆ ದಾಟಿತ್ತು.