ಹದ ತಪ್ಪಿದ ಡಬ್ಬಿ

ಮುಚ್ಚಳ ಎಬ್ಬಿದಾಗ ಎಂದಿನ ‘ಉಸ್ಸ್’ ಬರಲಿಲ್ಲ.
ಆಗಲೇ ತಿಳಿಯಬೇಕಿತ್ತು ನನಗೆ.
ಎಲೆಯ ಮೇಲೆ ಬಿಳಿ.
ಹಳೆಯ ಒಳ್ಳೆಯ ತಂಬಾಕಿಗೂ ಬಿಳಿ ಬರುತ್ತದೆ,
ಸಕ್ಕರೆ ಹರಳುಗಟ್ಟಿದ್ದು;
ದೀಪಕ್ಕೆ ಹಿಡಿದರೆ ಮಿನುಗುತ್ತದೆ.
ಇದು ಮಿನುಗಲಿಲ್ಲ.
ಇದಕ್ಕೆ ಕೂದಲಿತ್ತು.

ಮೂಗಿಗೆ ಹಿಡಿದೆ. ಮುಗ್ಗಲು.
ದೋಣಿಯ ತಳದಲ್ಲಿ ಚಳಿಗಾಲವಿಡೀ ಮರೆತುಬಿಟ್ಟ
ಒದ್ದೆ ಉಣ್ಣೆ ಕಾಲುಚೀಲದ ಮುಗ್ಗಲು.

ಮೂವತ್ತೊಂದು ವರ್ಷ ನಾನು ಎಸ್ಬೆನ್ ಲೂನನ ಗಿರಾಕಿ.
ಮಾರ್ಸ್ಟಾಲ್ ಬಂದರಿನ ಹಿಂದೆ ಅವನದು ಎರಡೇ ಕೋಣೆ,
ಒಂದು ಕಬ್ಬಿಣದ ಒತ್ತುಯಂತ್ರ,
ಡಬ್ಬಿಯ ಮೇಲೆ ಅವನೇ ಬರೆದ, ಸ್ವಲ್ಪ ವಾಲಿದ ದೀಪಸ್ತಂಭ.
ಫೆರಿಯ ಎಂಜಿನ್ ಕೋಣೆಯಲ್ಲಿ ಹಗಲೆಲ್ಲ ಡೀಸೆಲ್ ಕುಡಿದ ನನ್ನ ಮೂಗು
ಮತ್ತೆ ಮನುಷ್ಯನ ಮೂಗಾಗುತ್ತಿದ್ದುದು
ಡೆಕ್ಕಿಗೆ ಹತ್ತಿ ಬಂದು, ಗಾಳಿಗೆ ಬೆನ್ನು ಕೊಟ್ಟು,
ಅವನ ಕಪ್ಪು ಸುರುಳಿಗೆ ಕಡ್ಡಿ ಗೀರಿದ ಮೇಲೆ.

ಪಕ್ಕದ ಮನೆಯ ಹೋಲ್ಗರ್ ನಕ್ಕ:
ಎಸೆದುಬಿಡು ಮಾರಾಯ, ದುಡ್ಡು ವಾಪಸು ಕೇಳು,
ಲೋಕಕ್ಕೆಲ್ಲ ಹೊಗೆ ಹಂಚುವವನು ಇವನೊಬ್ಬನೇ ಏನು?
ಹೋಲ್ಗರ್ ಕಾಫಿಪುಡಿ ತಿಂಗಳಿಗೊಮ್ಮೆ ಬದಲಿಸುತ್ತಾನೆ,
ಚರ್ಚಿನ ಬೆಂಚು ವರ್ಷಕ್ಕೊಮ್ಮೆ.

ಸುಳ್ಳೇಕೆ? ಬದಲಿಸಿ ನೋಡಿದೆ ನಾನೂ.
ದೊಡ್ಡ ಕಂಪನಿಯದು, ಚಿನ್ನದ ಅಂಚಿನ ಡಬ್ಬಿ,
ಮೂರು ವಾರ ಸೇದಿದೆ, ಬಂದರಿನ ಕಡೆ ಹೋಗದೆ.
ತಪ್ಪೇನೂ ಇರಲಿಲ್ಲ ಅದರಲ್ಲಿ.
ತಪ್ಪೇನೂ ಇರಲಿಲ್ಲ,
ಅದರ ಬಗ್ಗೆ ಹೇಳುವುದಕ್ಕೆ ಇರುವುದೂ ಅಷ್ಟೇ.

ಎಸ್ಬೆನ್‌ನ ಎರಡನೆಯ ಡಬ್ಬಿಗೂ ಕೂದಲು ಬಂದಾಗ
ಎರಡನ್ನೂ ಕೋಟಿನ ಜೇಬಿಗೆ ತುರುಕಿ ಹೊರಟೆ.
ದಾರಿಯುದ್ದಕ್ಕೂ ಬೈಗುಳ ಹೊಂದಿಸಿಕೊಂಡೆ,
ನವೆಂಬರಿನ ಗಾಳಿ ಅರ್ಧ ಕಿತ್ತುಕೊಂಡಿತು.

ಡಬ್ಬಿಗೆ ಮೂಗು ಇಟ್ಟ. ಕಣ್ಣು ಮುಚ್ಚಿದ.
ಉದ್ದಕ್ಕೆ ಉಸಿರೆಳೆದ, ಮೊದಲಿನ ಹಾಗೆಯೇ.
‘ಚೆನ್ನಾಗಿದೆಯಲ್ಲ, ತೋರ್ಕಿಲ್?’

ಒಳಕೋಣೆಯಲ್ಲಿ ಕಾಫಿ ಹೊತ್ತುತ್ತಿತ್ತು.
ತಳ ಸೀದ ಕಮಟು ಬಾಗಿಲು ದಾಟಿ ನಮ್ಮಿಬ್ಬರ ನಡುವೆ ಬಂದು ನಿಂತಿತ್ತು.
ಅವನು ತಿರುಗಲಿಲ್ಲ.
ನಾನೇ ಹೋಗಿ ಒಲೆ ಆರಿಸಿದೆ.
ವಾಪಸು ಬರುವಷ್ಟರಲ್ಲಿ ಕುರ್ಚಿಯಲ್ಲಿ ಕೂತಿದ್ದ.

‘ಮಾರ್ಚ್‌ನಲ್ಲಿ ಜ್ವರ ಬಂತು,’ ಅಂದ.
‘ಜ್ವರ ಹೋಯಿತು. ಹೋಗುವಾಗ ಒಯ್ದಿತು.
ಗ್ಯೂಡಾಗೂ ಹೇಳಿಲ್ಲ, ಮಗಳು ಅಂಗಡಿ ಮುಚ್ಚಿಸುತ್ತಾಳೆ.
ನೀರು ಎಷ್ಟು ಚಿಮುಕಿಸಬೇಕು, ಅದು ಕೈಗೆ ಗೊತ್ತು.
ಯಾವಾಗ ನಿಲ್ಲಿಸಬೇಕು ಅನ್ನುವುದು
ಮೂಗಿಗೆ ಗೊತ್ತಿತ್ತು.’

ಹೊಂದಿಸಿಕೊಂಡು ಬಂದ ಬೈಗುಳ ಎಲ್ಲಿ ಇಡಲಿ ತಿಳಿಯದೆ
ಸೀದ ಪಾತ್ರೆ ಉಜ್ಜಿದೆ.

ಈಗ ಗುರುವಾರಗಳಂದು ಹೋಗುತ್ತೇನೆ.
ಒತ್ತುಯಂತ್ರದ ತಿರುಪು ಸಡಿಲಿಸಿ ಒಂದು ತುಣುಕು ಚಾಚುತ್ತಾನೆ.
ನನ್ನದು ಡೀಸೆಲ್ಲಿನಲ್ಲಿ ನೆನೆದ ಮೂಗು, ಪದ ಕಲಿತದ್ದಲ್ಲ;
ಅಂಜೂರ, ಅನ್ನುತ್ತೇನೆ. ಹಳೆ ಹಗ್ಗ.
ಕುದುರೆ ಹೋದಮೇಲಿನ ಲಾಯ.
ಅವನು ಪೆನ್ಸಿಲ್ ನೆಕ್ಕಿ ಬರೆದುಕೊಳ್ಳುತ್ತಾನೆ.
‘ಇನ್ನೆರಡು ದಿನ,’ ಅನ್ನುತ್ತಾನೆ, ಅಥವಾ ಏನೂ ಅನ್ನುವುದಿಲ್ಲ.

ಮೊದಲಿನ ಹಾಗಿಲ್ಲ ಅದು.
ಈ ಚಳಿಗಾಲದ ಆರರಲ್ಲಿ ಒಂದು ಮತ್ತೆ ಕೆಟ್ಟಿತು,
ತೋಟದ ಗೊಬ್ಬರಗುಂಡಿಗೆ ಸುರಿದೆ, ಹೋಲ್ಗರ್ ಕಾಣದಂತೆ.
ಉಳಿದವು ಸೇದುವ ಹಾಗಿವೆ. ಒಂದಂತೂ,
ಜನವರಿಯದು, ಹೇಗಿತ್ತೆಂದರೆ
ಪೈಪು ಆರಿದ ಮೇಲೂ ಬಾಯಿಂದ ತೆಗೆದಿರಲಿಲ್ಲ ನಾನು.

ಮೊದಲ ಎರಡು ಡಬ್ಬಿಗೆ ಬದಲಿ ಎರಡು ತಂದಿಟ್ಟ ಎಸ್ಬೆನ್.
ಒಂದು ತೆಗೆದುಕೊಂಡೆ.
ಇನ್ನೊಂದಕ್ಕೆ ದುಡ್ಡು ಮೇಜಿನ ಮೇಲೆ ಇಟ್ಟೆ.
ಎಣಿಸಿದ, ನಾಣ್ಯ ನಾಣ್ಯವಾಗಿ.
ಒಂದು ಕ್ರೋನ್ ಕಡಿಮೆ ಇದೆ, ಅಂದ.
ಜೇಬೆಲ್ಲ ತಡಕಿ ಕೊಟ್ಟೆ.