ಚಕ್ಕುಬಂದಿ

ಮೂವತ್ತೊಂದು ವರ್ಷ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ
ಪರರ ಆಸ್ತಿಗೆ ಚಕ್ಕುಬಂದಿ ಬರೆದವಳು ನಾನು.
ಈ ಕೋಣೆಗೂ ಬರೆಯದೆ ನಿದ್ದೆ ಹತ್ತಲಿಲ್ಲ:

ಯಾರ್ಕ್ ಪಟ್ಟಣ, ಕೋಟೆಯೊಳಗೆ, ಗುಡ್ರಮ್‌ಗೇಟ್ ಬೀದಿ,
ಮೂರನೆಯ ಮಹಡಿ, ನಾಲ್ಕು ರಾತ್ರಿಯ ಬಾಡಿಗೆಗೆ.
ಪೂರ್ವಕ್ಕೆ ಮಂಕ್ ಬಾರ್ ಎಂಬ ಊರಬಾಗಿಲು
(ಹೆಸರಷ್ಟೇ ಮಂಕು, ಕಲ್ಲು ಬಿಸಿಲಿಗೆ ಬೆಣ್ಣೆ),
ಪಶ್ಚಿಮಕ್ಕೆ ಗಂಟೆ ನಿಲ್ಲಿಸದ ಮಿನ್‌ಸ್ಟರ್ ಚರ್ಚು,
ದಕ್ಷಿಣಕ್ಕೆ ಮೀನು ಕರಿಯುವವನ ಚಿಮಣಿ,
ಉತ್ತರಕ್ಕೆ
ಗೊರಕೆ ಹೊಡೆಯುತ್ತಿರುವ ಕಾತ್ಯಾಯಿನಿ.

ಇಲ್ಲಿ ಬೀದಿಗೆ ಗೇಟ್ ಅನ್ನುತ್ತಾರೆ, ಗೇಟಿಗೆ ಬಾರ್.
ಬಾರಿನೊಳಗಿಂದ ಹಾದು ಹೋಗಬೇಕು ಅಂದದ್ದೇ
ಬಸ್ಸಿಳಿದಲ್ಲೇ ಬೇರುಬಿಟ್ಟಿದ್ದಳು ಅವಳು.

ಮನೆಯೊಡತಿ ಮಾರ್ಜರಿ ಬಾಗಿಲು ತೆರೆಯಲು ಕಲಿಸಿದಳು:
ಮೊದಲು ಮೇಲಕ್ಕೆತ್ತು, ಆಮೇಲೆ ಭುಜ ಕೊಡು,
ಕೀಲಿ ಕೊನೆಗೆ.
ನಮ್ಮ ರೆಕಾರ್ಡ್ ರೂಮಿನ ಕದವೂ ಇದೇ ಜಾತಿ.
ಸುಲಿಯಲೆಂದು ನೆಲದ ಮೇಲಿಟ್ಟ ಕಿತ್ತಳೆ
ತಾನಾಗಿ ಹೊರಟಿತು, ಒಂದು ಮೊಳೆಯ ಬಳಿ ಯೋಚಿಸಿತು,
ಕಿಟಕಿಯ ಗೋಡೆಗೆ ಟಪ್ಪೆಂದಿತು.
ಮನೆ ವಾಲಿದೆಯಲ್ಲ, ಅಂದೆ.
ಇಲ್ಲ, ಒರಗಿಕೊಂಡಿದೆ, ಅಂದಳು.

ಮೂರನೆಯ ಸಂಜೆ ಒಬ್ಬಳೇ ಕೋಟೆ ಹತ್ತಿದೆ.
ಮೇಲಿಂದ ಕಾಣುವುದು ಊರಿನ ಮುಖವಲ್ಲ, ಬೆನ್ನು:
ತಂತಿಯ ಮೇಲೆ ಮರೆತ ಒಂಟಿ ಕಾಲುಚೀಲ,
ತುಕ್ಕು ಹಿಡಿದ ತಳ್ಳುಬಂಡಿ,
ಪಾತ್ರೆ ತೊಳೆಯುತ್ತ ತನ್ನೊಡನೆ ತಾನೇ ಜಗಳವಾಡುವ ಗಂಡಸು.
ಇನ್ನೊಂದು ಬದಿ, ಏರಿಯ ತುಂಬ ಹಳದಿ ಡ್ಯಾಫೊಡಿಲ್,
ಅದರಾಚೆ ಕಾರುಗಳು.

ನನಗೆ ಗಡಿಯೆಂದರೆ ಒಂದು ಗೆರೆ,
ಪೆನ್ನಿನ ಮೊನೆಯಷ್ಟು ದಪ್ಪ.
ಈ ಗಡಿಯ ಮೇಲೆ ಇಬ್ಬರು ಎದುರುಬದುರು ಹಾಯಬಹುದು,
ಕೂರಬಹುದು, ಚಳಿಗೆ ಮೂಗು ಸೀನಬಹುದು.
ಪತ್ರ ಮಾಡುವುದಾದರೆ ಇದನ್ನು ಯಾರ ಪಾಲಿಗೆ ಬರೆಯುವುದು?

ಹೊಸ್ತಿಲ ಮೇಲೆ ನಿಲ್ಲಬೇಡ, ಒಳಗೆ ಬಾ ಇಲ್ಲ ಹೊರಗೆ ಹೋಗು
ಅಂದಿದ್ದಳು ಅತ್ತೆ, ನಾನು ಸೇರಕ್ಕಿ ಒದ್ದು ಬಂದ ದಿನವೇ.
ನೋಡತ್ತೆ, ಎರಡು ಮೈಲಿ ಉದ್ದದ ಹೊಸ್ತಿಲು.
ಅದರ ಮೇಲೆ ನಿಂತು
ಬಾಳೆಹಣ್ಣು ತಿನ್ನುತ್ತಿದ್ದೇನೆ.

ತಿಂದು ಸಿಪ್ಪೆ ಮಡಿಸುವಷ್ಟರಲ್ಲಿ ಕತ್ತಲು.
ಇಳಿಯುವ ಮೆಟ್ಟಿಲಿಗೆ ಕಬ್ಬಿಣದ ಕದ, ಕದಕ್ಕೆ ಬೀಗ.
ಮೊಣಕಾಲು ಮರೆತು ಇನ್ನೊಂದು ಕೊನೆಗೆ ಓಡಿದೆ,
ಅಲ್ಲೂ ಬೀಗ.
ಕೂಗೋಣವೆಂದರೆ ಇಂಗ್ಲಿಷು ಕೈಕೊಟ್ಟಿತು,
ಬಾಯಿಗೆ ಬಂದದ್ದು: ಯಾರ್ರೀ ಅಲ್ಲಿ!

ಪಾತ್ರೆಯವನು ಕಿಟಕಿ ತೆರೆದ, ಕೈಯಲ್ಲಿನ್ನೂ ನೊರೆಯ ತಟ್ಟೆ.
ನೋಡಿದ. ಜಗಳ ನಿಲ್ಲಿಸಿ ಫೋನು ಮಾಡಿದ.

ಕಾಲು ಗಂಟೆಗೆ ಬಂದ ಕೀಲಿಯವನು ಬೈಯಲಿಲ್ಲ.
ವಾರಕ್ಕೆ ಇಬ್ಬರಾದರೂ ಸಿಗುತ್ತಾರಂತೆ.
ಟಾರ್ಚನ್ನು ಆ ಕಡೆ ಈ ಕಡೆ ಆಡಿಸಿ ಕೇಳಿದ:
ಒಳಕ್ಕೋ ಹೊರಕ್ಕೋ, ಲವ್?
(ಈ ಊರಲ್ಲಿ ತರಕಾರಿಯವನೂ ಲವ್ ಅನ್ನುತ್ತಾನೆ.
ಅರವತ್ತೆರಡರಲ್ಲಿ ಅದೇನು ಸಣ್ಣ ಲಾಭವಲ್ಲ.)

ಉತ್ತರ ಗೊತ್ತಿತ್ತು.
ಹೇಳಲು ತುಸು ತಡಮಾಡಿದೆ.

ಬಾಗಿಲು ಎತ್ತಿ, ಭುಜ ಕೊಟ್ಟು, ಕೀಲಿ ತಿರುಗಿಸಿ ಬಂದರೆ
ಮಂಚದಲ್ಲಿ ಶಾಲು ಹೊದ್ದು ಕೂತಿದ್ದಳು:
ಎಲ್ಲೇ ಸತ್ತಿದ್ದೆ ಇಷ್ಟೊತ್ತು?
ಗೋಡೆಯಲ್ಲಿ, ಅಂದೆ.
ಅರ್ಧ ಕಿತ್ತಳೆ ನನ್ನ ಕಡೆ ತಳ್ಳಿದಳು.
ಡೈರಿ ತೆಗೆದು ಹಳೆಯ ಸಾಲು ಹೊಡೆದು ತಿದ್ದಿದೆ:
ಉತ್ತರಕ್ಕೆ ಕಾತ್ಯಾಯಿನಿ,
ಎಚ್ಚರವಾಗಿದ್ದಾಳೆ.