ಗುಡುಗೀತು

ಕರಾವಳಿಯಲ್ಲಿ ಮೂವತ್ತೆಂಟು ಡಿಗ್ರಿ,
ಅಲೆ ಮೊಣಕಾಲೆತ್ತರ, ಗಾಳಿ ವಾಯವ್ಯದಿಂದ,
ಈಜುವವರು ಮಧ್ಯಾಹ್ನ ನೆರಳಲ್ಲಿರುವುದು ಒಳಿತು.
ಇಷ್ಟಕ್ಕೆ ಎರಡು ನಿಮಿಷ.
ಆಮೇಲೆ, ಉಸಿರು ಉಳಿದಿದ್ದರೆ, ಲೊಗರಾ ಘಾಟಿ:
ಸಂಜೆಗೆ ಗುಡುಗಿದರೂ ಗುಡುಗೀತು.

ವ್ಲೋರಾ ಬಾನುಲಿಯಲ್ಲಿ ಇದನ್ನೋದಿ
ನೀರು ಕುಡಿಯುವಷ್ಟರಲ್ಲಿ ಫೋನು.
ಪೊಲಿಕ್ಸೇನಿ, ಕೆಳಗಿನ ಧೆರ್ಮಿಯಿಂದ.
ಹಗ್ಗಕ್ಕೆ ಆಕ್ಟೋಪಸ್ ಒಣಹಾಕಿಯೇ ಕರೆ ಮಾಡುವವಳು.
"ಗುಡುಗೀತು ಅಂದರೇನಪ್ಪಾ? ಗುಡುಗುತ್ತದೋ ಇಲ್ಲವೋ?
ನನ್ನ ತಮ್ಮ ಸ್ಪಿರೋ ಮೇಲಿದ್ದಾನೆ, ನೂರಾ ಹತ್ತು ಮೇಕೆ.
ನಾನಿಲ್ಲಿ ಬೀಸಣಿಗೆ ಹಿಡಿದಾಗ
ಅವನಲ್ಲಿ ಕಂಬಳಿ ಹೊದ್ದಿರುತ್ತಾನೆ.
ಒಂದೇ ತಾಯಿಯ ಮಕ್ಕಳಿಗೆ ಎರಡು ಹವೆ, ನೋಡು."

ನಕ್ಷೆಯಲ್ಲಿ ಅವರಿಬ್ಬರ ನಡುವೆ
ನನ್ನ ಹೆಬ್ಬೆರಳಿನಷ್ಟು ಜಾಗವೂ ಇಲ್ಲ.

ನಿನ್ನೆ ಎರಡಕ್ಕೂ ಸೇರಿಸಿ ಓದಿದ್ದೆ: ಶುಭ್ರ ಆಕಾಶ.
ನಾಲ್ಕಕ್ಕೆ ಪೈನ್ ಮರಗಳ ಮೇಲೆ ಆಲಿಕಲ್ಲು.
ಕಡಲ ದಂಡೆಯ ಮಕ್ಕಳು ಐಸ್‌ಕ್ರೀಮ್ ನೆಕ್ಕುತ್ತ
ಬೆಟ್ಟದ ಮಿಂಚು ಎಣಿಸಿದರಂತೆ,
ಹದಿನೇಳಕ್ಕೆ ಲೆಕ್ಕ ತಪ್ಪಿತಂತೆ.

ಇವತ್ತು ಓದಿ ಮುಗಿಸಿದೆ. ನೀರು ಕುಡಿದೆ.
ಇನ್ನೊಂದು ಲೋಟ ಕುಡಿದೆ.
ಫೋನು ಸುಮ್ಮನಿದೆ.

ನಾಳೆ ಬೆಟ್ಟದಿಂದಲೇ ಶುರು.
ಕಡಲು ಕಾಯಲಿ, ಅದಕ್ಕೇನು ಆತುರ.
ಗುಡುಗೀತು ಎನ್ನುವುದಿಲ್ಲ,
ಸ್ಪಿರೋ, ಮೂರಕ್ಕೇ ಮೇಕೆ ಇಳಿಸು, ಎನ್ನುತ್ತೇನೆ.